ಅರವತ್ತಕ್ಕೆ ಅರಳು ಮರಳೆ?

ಸಂಘದಲ್ಲೂ ಊರಿನಲ್ಲೂ ಹಿರಿಯ ಬೆಳೆಗಾರರ ಸ್ಥಾನ
(ಕಾರ್ಯದರ್ಶಿಯವರಿಂದ)

ನಮ್ಮ ಸಂಘದ ಬರುವ ಮಹಾಸಭೆಯ ಪರಿಶೀಲನೆಗೆಂದು ಕೆಲವು ಸದಸ್ಯರು ಒಂದು ಲಿಖಿತ ಸಲಹೆಯನ್ನು ಕಳುಹಿಸಿದ್ದಾರೆ. ಅದರಲ್ಲಿ ಎರಡು ಅಂಶಗಳಿವೆ. ಎಪ್ಪತ್ತು ವರ್ಷ ದಾಟಿದ ಸದಸ್ಯರಿಗೆ ಮಧ್ಯಮಾವಧಿ ಸಾಲ ಮಂಜೂರು ಮಾಡಬಾರದು ಎಂಬುದು ಮೊದಲನೆಯದು. ಅರವತ್ತೈದು ದಾಟಿದವರು ಆಡಳಿತ ಮಂಡಳಿಗೆ ಸ್ಪರ್ಧಿಸಬಾರದು ಎಂಬುದು ಎರಡನೆಯದು. ಸಲಹೆ ಕೊಟ್ಟವರು ಸಂಘದ ಹಿತಚಿಂತಕರೇ. ತರುಣರು ಮುಂದೆ ಬರಲಿ, ಸಾಲ ವಸೂಲಿ ಸುಗಮವಾಗಲಿ ಎಂಬುದು ಅವರ ಉದ್ದೇಶ. ಆದರೆ ಉದ್ದೇಶ ಒಳ್ಳೆಯದಾಗಿದ್ದ ಮಾತ್ರಕ್ಕೆ ಉಪಾಯವೂ ಒಳ್ಳೆಯದಾಗಿರುತ್ತದೆಂದು ಹೇಳಲು ಬರುವುದಿಲ್ಲ. ಸಭೆ ತೀರ್ಮಾನಕ್ಕೆ ಬರುವ ಮೊದಲು ಸದಸ್ಯ ಬಾಂಧವರು ಈ ವಿಷಯವನ್ನು ಎಲ್ಲ ಮಗ್ಗುಲುಗಳಿಂದಲೂ ಯೋಚಿಸಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ನಾವೂ ಐವತ್ತು ದಾಟಿದವರೇ. ಇಂದು ಮಾಡಿದ ನಿಯಮ ನಾಳೆ ನಮಗೂ ಅನ್ವಯಿಸುತ್ತದೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮಾತಿನಲ್ಲಿ ಅಡಗಿದ ತಿರಸ್ಕಾರ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮ್ಮಲ್ಲಿ ಹಳೆಯದು. ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ ಎಂಬುದು ಇನ್ನೊಂದು. ತಮಾಷೆಗೆ ಆಡುವ ಮಾತುಗಳಿವು. ಆದರೆ ಮುದುಕರಿಗೆ ಬುದ್ಧಿ ಕೆಡುತ್ತದೆ, ಅವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ ಎಂಬ ತೀರ್ಮಾನ ಅವುಗಳ ಒಳಗೆ ಕುಳಿತಿದೆ. ದ.ರಾ. ಬೇಂದ್ರೆಯವರು ಅರವತ್ತು ದಾಟಿದ ಮೇಲೆ ಬಂದ ಕವನ ಸಂಕಲನಕ್ಕೆ ‘ಅರಳು ಮರಳು’ ಎಂದೇ ಹೆಸರಿತ್ತು. 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಅದೇ ಪುಸ್ತಕಕ್ಕೆ. ಮರಳಿ ಅರಳುವುದು ಎಂಬ ಅರ್ಥವೂ ಆ ಮಾತಿಗೆ ಉಂಟು ಎಂಬುದನ್ನು ನಾವು ಮರೆತಿದ್ದೇವೆ.

ವಯಸ್ಸನ್ನು ಮಾತ್ರ ನೋಡಿ ಮನುಷ್ಯನನ್ನು ಅಳೆಯುವ ಈ ಅಭ್ಯಾಸಕ್ಕೆ 1969ರಲ್ಲಿ ಅಮೆರಿಕದ ವೈದ್ಯ ಡಾ. ರಾಬರ್ಟ್ ಬಟ್ಲರ್ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ವಯೋಭೇದ ಎನ್ನಬಹುದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಇಬ್ಬರಲ್ಲಿ ಒಬ್ಬರಿಗೆ ವೃದ್ಧರ ಬಗ್ಗೆ ಇಂತಹ ಪೂರ್ವಗ್ರಹವಿದೆ. ಇದರ ಪರಿಣಾಮ ಮನಸ್ಸಿನ ನೋವಿನಷ್ಟಕ್ಕೇ ನಿಲ್ಲುವುದಿಲ್ಲ. ಅಮೆರಿಕದ ಒಹಾಯೋ ರಾಜ್ಯದ ಒಂದು ಊರಿನಲ್ಲಿ ಐವತ್ತು ಮೀರಿದ 660 ಜನರನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಗಮನಿಸಿ, 2002ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಲಾಯಿತು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇಟ್ಟುಕೊಂಡವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದು ಕಂಡುಬಂತು. ನಿನ್ನ ಕೆಲಸ ಮುಗಿಯಿತು ಎಂದು ದಿನವೂ ಕೇಳಿಸಿಕೊಳ್ಳುವವನು ಬೇಗ ಮುಗಿಯುತ್ತಾನೆ ಎಂಬುದು ಇದರಿಂದ ತಿಳಿಯಬೇಕಾದ ಮಾತು.

ಇದು ನಮ್ಮಲ್ಲಿ ಹೇಗೆ ನಡೆಯುತ್ತದೆ? ಎಪ್ಪತ್ತೆಂಟು ವರ್ಷದ ನಮ್ಮ ಸದಸ್ಯರೊಬ್ಬರು ಪೇಟೆಯ ಒಂದು ಬ್ಯಾಂಕಿಗೆ ತಮ್ಮದೇ ಠೇವಣಿಯ ವಿಚಾರ ಕೇಳಲು ಹೋಗಿದ್ದರು. ಐವತ್ತೆಕರೆ ತೋಟದ ಲೆಕ್ಕವನ್ನು ನಲವತ್ತು ವರ್ಷ ಬರೆದವರು ಅವರು. ಗಲ್ಲೆಯಲ್ಲಿದ್ದ ತರುಣ ಅವರ ಮುಖವನ್ನೂ ಸರಿಯಾಗಿ ನೋಡದೆ, “ಅಜ್ಜ, ನಿಮಗೆ ಇದೆಲ್ಲ ಗೊತ್ತಾಗಲ್ಲ, ಮಗನನ್ನು ಕಳಿಸಿ” ಎಂದನಂತೆ. ಮಗ ಇರುವುದು ಬೆಂಗಳೂರಿನಲ್ಲಿ. ಹುಡುಗ ಒರಟಾಗಿ ಮಾತಾಡಲಿಲ್ಲ, ಅಜ್ಜ ಎಂದು ಪ್ರೀತಿಯಿಂದಲೇ ಕರೆದ. ಕೆಲಸ ಮಾತ್ರ ಆಗಲಿಲ್ಲ. ನಮ್ಮ ಊರುಗಳಲ್ಲಿ ವಯೋಭೇದ ಹೀಗೆ ಗೌರವದ ಅಂಗಿ ತೊಟ್ಟುಕೊಂಡೇ ಬರುತ್ತದೆ. ಹಿರಿಯರನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸುತ್ತೇವೆ. ತೀರ್ಮಾನ ಮಾಡುವಾಗ ಅವರನ್ನು ಕೇಳುವುದಿಲ್ಲ.

ತೋಟಗಳಲ್ಲಿ ಉಳಿದವರು ಯಾರು?

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10 ಕೋಟಿ 40 ಲಕ್ಷ. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ನೂರಕ್ಕೆ ಒಂಬತ್ತೂವರೆಯಷ್ಟಿತ್ತು. ಮಲೆನಾಡಿನ ತೋಟದ ಮನೆಗಳಲ್ಲಿ ಈ ಪಾಲು ಇನ್ನೂ ದೊಡ್ಡದಾಗಿರುವುದನ್ನು ಕಾಣಲು ಲೆಕ್ಕದ ಪುಸ್ತಕ ಬೇಕಾಗಿಲ್ಲ. ಮಕ್ಕಳು ಓದಿ ಪಟ್ಟಣ ಸೇರಿದ್ದಾರೆ. ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೇ; ಕೆಲವು ಮನೆಗಳಲ್ಲಿ ಒಬ್ಬರೇ. ಶಿವರಾಮ ಕಾರಂತರು 1943ರಲ್ಲಿ ಬರೆದ ‘ಬೆಟ್ಟದ ಜೀವ’ದಲ್ಲಿ ಕಾಡಿನ ನಡುವೆ ಅಡಿಕೆ ತೋಟ ಎಬ್ಬಿಸಿ, ಮನೆ ಬಿಟ್ಟುಹೋದ ಮಗನ ದಾರಿ ಕಾಯುವ ಮುದಿ ದಂಪತಿಗಳಿದ್ದಾರೆ. ಅಂದು ಅದು ಒಂದು ಮನೆಯ ಕಥೆ. ಇಂದು ಘಟ್ಟದ ಮೇಲೂ ಕೆಳಗೂ ಊರೂರಿನ ಕಥೆ.

ಹಾಗಾದರೆ ನಮ್ಮ ಸಂಘದ ಸದಸ್ಯತ್ವ ನಿಂತಿರುವುದು ಯಾರ ಮೇಲೆ? ಕಾಫಿ ತಂದು ಹಾಕುವವರು, ಅಡಿಕೆ ಸರಕು ತಂದು ತೂಗಿಸುವವರು, ಠೇವಣಿ ಇಟ್ಟವರು ಹೆಚ್ಚಿನ ಪಾಲು ಈ ಹಿರಿಯರೇ. ಅವರನ್ನು ಹೊರಗಿಟ್ಟರೆ ಸಂಘಕ್ಕೆ ಹೊಸ ರಕ್ತ ಬರುತ್ತದೆ ಎನ್ನುವವರು, ಆ ಹೊಸ ರಕ್ತ ಈಗ ಊರಿನಲ್ಲಿದೆಯೇ ಎಂಬುದನ್ನೂ ನೋಡಬೇಕು.

ನಿಯಮದಲ್ಲಿ ಕಾಣುವ ಗೆರೆ

ಮಾತಿನ ತಿರಸ್ಕಾರವನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಇರಬಹುದು. ನಿಯಮದಲ್ಲಿ ಎಳೆದ ಗೆರೆಯನ್ನು ದಾಟುವುದು ಕಷ್ಟ. 2003ರಲ್ಲಿ ಜಾರಿಗೆ ಬಂದ ಸಹಕಾರಿಗಳ ಯಶಸ್ವಿನಿ ಆರೋಗ್ಯ ಯೋಜನೆಯ ಮೊದಲ ರೂಪದಲ್ಲಿ 75 ವರ್ಷದ ಮಿತಿ ಇತ್ತು. ವರ್ಷಕ್ಕೆ 20 ರೂಪಾಯಿ ಕಟ್ಟಿದರೆ 2 ಲಕ್ಷ ರೂಪಾಯಿಯ ಅಪಘಾತ ವಿಮೆ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 18ರಿಂದ 70 ವರ್ಷದವರಿಗೆ ಮಾತ್ರ. ಎಪ್ಪತ್ತೆರಡರಲ್ಲೂ ಏಣಿ ಹತ್ತಿ ಮೆಣಸು ಬಿಡಿಸುವವರು ನಮ್ಮಲ್ಲಿದ್ದಾರೆ. ಬಿದ್ದರೆ ಅವರಿಗೆ ಆ ಆಸರೆ ಇಲ್ಲ. ಗೆರೆ ಅಳಿಸಿದ ಉದಾಹರಣೆಯೂ ಉಂಟು. ಆರೋಗ್ಯ ವಿಮೆಗೆ ಹೊಸದಾಗಿ ಸೇರಲು ಇದ್ದ 65 ವರ್ಷದ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ತೆಗೆದುಹಾಕಿತು.

ನಮ್ಮ ಸಹಕಾರಿ ಕ್ಷೇತ್ರದ್ದೇ ಒಂದು ಮಾತು. ಸಂವಿಧಾನದ 97ನೆಯ ತಿದ್ದುಪಡಿಯ ನಂತರ ನಮ್ಮ ರಾಜ್ಯದ ಸಹಕಾರಿ ಕಾನೂನಿಗೆ ಒಂದು ನಿಯಮ ಬಂದಿತು. ನಿಗದಿಯಾದಷ್ಟು ಮಹಾಸಭೆಗಳಿಗೆ ಬಾರದ, ಕನಿಷ್ಠ ವ್ಯವಹಾರ ನಡೆಸದ ಸದಸ್ಯರಿಗೆ ಮತದಾನವಿಲ್ಲ ಎಂಬುದೇ ಆ ನಿಯಮ. ಹೆಸರಿಗೆ ಮಾತ್ರ ಸದಸ್ಯರಾದವರನ್ನು ಎಚ್ಚರಿಸಲು ಮಾಡಿದ ನಿಯಮ ಅದು. ಆದರೆ ಮಹಾಸಭೆ ನಡೆಯುವುದು ಸೆಪ್ಟೆಂಬರಿನಲ್ಲಿ. ಆಗ ಮಲೆನಾಡಿನ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಮಂಡಿನೋವಿನ ಹಿರಿಯರೊಬ್ಬರು ಎರಡು ಮೈಲಿ ಕೆಸರು ದಾರಿ ನಡೆದು, ಬಸ್ಸು ಹಿಡಿದು, ಮಹಡಿಯ ಮೆಟ್ಟಿಲು ಹತ್ತಿ ಸಭೆಗೆ ಬರಬೇಕು. ಊಟದ ನಂತರ ಶುರುವಾದ ಸಭೆ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತದೆ. ಅವರಿಗೆ ಸಂಘದ ಮೇಲೆ ಆಸಕ್ತಿ ಇಲ್ಲ ಎನ್ನುವುದು ನ್ಯಾಯವೇ? ನಿಯಮ ಎಲ್ಲರಿಗೂ ಒಂದೇ ಆದರೂ ಅದರ ಪೆಟ್ಟು ಎಲ್ಲರಿಗೂ ಒಂದೇ ಅಲ್ಲ.

ಯಂತ್ರದ ವಿಚಾರವೂ ಹೀಗೆಯೇ. ಐವತ್ತು ವರ್ಷ ಕತ್ತಿ, ಗುದ್ದಲಿ ಹಿಡಿದು, ಅಡಿಕೆ ಸುಲಿದು ಸವೆದ ಹೆಬ್ಬೆರಳಿನ ಗುರುತನ್ನು ಆಧಾರ್ ಯಂತ್ರ ಒಪ್ಪುವುದಿಲ್ಲ. ದುಡಿದ ಕೈಯೇ ಅನರ್ಹವಾಗುತ್ತದೆ. ಕಣ್ಣಿನ ಪಾಪೆಯ ಗುರುತಿನಿಂದಲೂ ಮುಖದ ಗುರುತಿನಿಂದಲೂ ದೃಢೀಕರಿಸುವ ವ್ಯವಸ್ಥೆ ಇದೆ ಎಂಬುದನ್ನು ಸದಸ್ಯರು ತಿಳಿದಿರಬೇಕು, ಕೇಳಿ ಪಡೆಯಬೇಕು.

ಸಾಲದ ಪ್ರಶ್ನೆ

ಈಗ ಸಲಹೆಯ ಮೊದಲ ಅಂಶಕ್ಕೆ ಬರೋಣ. ಅರೇಬಿಕಾ ಗಿಡ ನೆಟ್ಟರೆ ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಬೇಕು. ಊರ ತಳಿಯ ಅಡಿಕೆಗೆ ಐದಾರು ವರ್ಷವಾದರೂ ಬೇಕು. ಎಪ್ಪತ್ತೆರಡು ವರ್ಷದವರು ಮರುನಾಟಿಗೆ ಸಾಲ ಕೇಳಿದರೆ, ತೀರಿಸುವವರು ಯಾರು ಎಂಬ ಆತಂಕ ಸಹಜ. ಸಂಘದ ಹಣ ಎಲ್ಲರ ಹಣ. ಆತಂಕ ಪಡುವುದು ತಪ್ಪಲ್ಲ.

ಆದರೆ ಸಾಲಕ್ಕೆ ಭದ್ರತೆ ಯಾವುದು? ಜಮೀನು ಮತ್ತು ಫಸಲು. ಸಾಲಗಾರ ತೀರಿಕೊಂಡರೆ ಜಮೀನು ಓಡಿಹೋಗುವುದಿಲ್ಲ, ವಾರಸುದಾರರ ಕೈಗೆ ಸಾಲದ ಹೊರೆಯ ಸಹಿತವೇ ಹೋಗುತ್ತದೆ. ಬಾಕಿದಾರರ ಪಟ್ಟಿಯನ್ನು ನೋಡಿದವರಿಗೆ ಗೊತ್ತು: ಸಾಲ ಬಾಕಿಯಾಗುವುದು ಕೊಳೆರೋಗ ಬಂದ ವರ್ಷದಿಂದ, ಆಸ್ಪತ್ರೆಯ ಖರ್ಚಿನಿಂದ, ದಾಯಾದಿ ವ್ಯಾಜ್ಯದಿಂದ, ಅಳತೆ ಮೀರಿದ ಮದುವೆಯಿಂದ. ಇವು ಮೂವತ್ತರವನಿಗೂ ಬರುತ್ತವೆ, ಎಪ್ಪತ್ತರವನಿಗೂ ಬರುತ್ತವೆ. ಇನ್ನೊಂದು ಮಾತು. ಎಪ್ಪತ್ತು ದಾಟಿದವರಿಗೆ ಮರುನಾಟಿ ಸಾಲ ಇಲ್ಲವೆಂದರೆ, ಅವರ ತೋಟ ಹಳೆಯದಾಗಿಯೇ ಉಳಿಯುತ್ತದೆ. ಕಾಂಡಕೊರಕ ಹೊಕ್ಕ ಗಿಡ ಕಿತ್ತ ಜಾಗ ಖಾಲಿ ಬೀಳುತ್ತದೆ. ಇಳುವರಿ ಇಳಿಯುತ್ತದೆ. ಕೊನೆಗೆ ಮಾರಾಟಕ್ಕೆ ಬರುತ್ತದೆ. ಸದಸ್ಯನೂ ಹೋದ, ತೋಟವೂ ಹೋಯಿತು, ಸಂಘಕ್ಕೆ ಉಳಿದದ್ದೇನು?

ಆದ್ದರಿಂದ ಎಪ್ಪತ್ತು ದಾಟಿದವರಿಗೆ ಸಾಲ ಇಲ್ಲ ಎನ್ನುವ ಬದಲು, ದೀರ್ಘಕಾಲದ ಯಾವುದೇ ಸಾಲಕ್ಕೆ, ಸಾಲಗಾರನ ವಯಸ್ಸು ಎಷ್ಟೇ ಇರಲಿ, ಒಬ್ಬ ವಾರಸುದಾರರು ಸಹ ಸಾಲಗಾರರಾಗಿ ಸಹಿ ಮಾಡಬೇಕು ಎಂಬ ಕ್ರಮ ಹೆಚ್ಚು ಸೂಕ್ತವೆಂದು ನಮ್ಮ ಅಭಿಪ್ರಾಯ. ಆತಂಕ ಯಾವುದರ ಬಗ್ಗೆಯೋ ಅದಕ್ಕೇ ಮದ್ದು ಹಾಕಿದಂತಾಯಿತು.

ಹಿರಿಯರ ಕೈಯಲ್ಲಿರುವ ವಿದ್ಯೆ

ಆಡಳಿತ ಮಂಡಳಿಯ ವಿಚಾರ. ಹಿರಿಯರಿಗೆ ಹೊಸದು ತಿಳಿಯುವುದಿಲ್ಲ ಎನ್ನುತ್ತಾರೆ. ಹಳೆಯದು ತಿಳಿದವರು ಎಷ್ಟು ಮಂದಿ ಉಳಿದಿದ್ದಾರೆ ಎಂದೂ ಕೇಳಬೇಕು. 1975ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು, 1977ರ ಹೊತ್ತಿಗೆ ಕಾಫಿ ಬೆಲೆ ಆಕಾಶಕ್ಕೇರಿದ್ದನ್ನು ಕಂಡವರು ಅವರು. 1994ರ ಹಿಮದಿಂದ ಇನ್ನೊಮ್ಮೆ ಏರಿದ್ದನ್ನೂ, 1990ರ ದಶಕದಲ್ಲಿ ಕಾಫಿ ಮಂಡಳಿಯ ಪೂಲ್ ಪದ್ಧತಿ ಮುಗಿದು ಮುಕ್ತ ಮಾರಾಟ ಬಂದದ್ದನ್ನೂ, ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬೆಲೆ ನೆಲಕಚ್ಚಿ ಕೊಯ್ಲಿನ ಕೂಲಿಯೂ ಹುಟ್ಟದೆ ಹೋದದ್ದನ್ನೂ ಅನುಭವಿಸಿದವರು. 2025ರ ಮೊದಲ ತಿಂಗಳುಗಳಲ್ಲಿ ಬೆಲೆ ದಾಖಲೆ ಮುಟ್ಟಿದಾಗ, ಈ ಬೆಲೆಯನ್ನೇ ನಂಬಿ ಸಾಲ ಮಾಡಬೇಡಿ ಎಂದು ಸಭೆಯಲ್ಲಿ ಎದ್ದು ಹೇಳಬಲ್ಲವರು ಅಂಥವರೇ. ಅಂತಹ ಒಂದಿಬ್ಬರು ಮಂಡಳಿಯಲ್ಲಿ ಇರುವುದು ಸಂಘಕ್ಕೆ ಭಾರವಲ್ಲ, ಬ್ರೇಕು.

ತೋಟದ ಕೆಲಸದಲ್ಲೂ ಅಷ್ಟೇ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಪುಸ್ತಕದಲ್ಲಿದೆ. ಆದರೆ ಸುಣ್ಣ ಎಲ್ಲಾ ಸಲವೂ ಒಂದೇ ಗುಣದ್ದಾಗಿರುವುದಿಲ್ಲ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಹಾಕು ಎಂದು ಪಕ್ಕದಲ್ಲಿ ನಿಂತು ಹೇಳುವವರು ಬೇಕು. ಬಿಳಿ ಕಾಂಡಕೊರಕ ಹೊಕ್ಕ ಗಿಡವನ್ನು ಕಣ್ಣು ಮಂಜಾದವರೂ ಕಾಂಡದ ಮೇಲಿನ ಉಬ್ಬುಗೆರೆಯನ್ನು ಬೆರಳಲ್ಲಿ ಸವರಿ ಗುರುತಿಸುತ್ತಾರೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲೂ, 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆಯಲ್ಲೂ ಗುಡ್ಡಗಳು ಜಾರಿದವು. ಯಾವ ಇಳಿಜಾರಿನಲ್ಲಿ ಹಿಂದೆ ಒರತೆ ಇತ್ತು, ಯಾವ ಬಸಿಗಾಲುವೆಯನ್ನು ಯಾವಾಗ ಮುಚ್ಚಿದರು ಎಂಬುದು ನಕ್ಷೆಯಲ್ಲಿರುವುದಿಲ್ಲ, ಹಳಬರ ನೆನಪಿನಲ್ಲಿರುತ್ತದೆ. ಕೆಲವರ ಮನೆಯಲ್ಲಿ ನಲವತ್ತೈವತ್ತು ವರ್ಷದ ಮಳೆ ಲೆಕ್ಕದ ಪುಸ್ತಕಗಳಿವೆ. ಗೆದ್ದಲು ತಿನ್ನುವ ಮೊದಲು ಅವನ್ನು ಸಂಘ ನಕಲು ಮಾಡಿಸಿ ಇಡಬೇಕು.

ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ದೇಶ ಗೌರವಿಸುವ ವಯಸ್ಸಿನವರನ್ನು ಸಂಘದ ಬಾಗಿಲಲ್ಲಿ ತಡೆಯುವುದು ಚೆನ್ನಾಗಿ ಕಾಣುವುದಿಲ್ಲ.

ಇನ್ನೊಂದು ಮಗ್ಗುಲು

ಇಷ್ಟು ಹೇಳಿ ಸುಮ್ಮನಾದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಐವತ್ತು ವರ್ಷದ ಮಗನನ್ನು ಇನ್ನೂ ಮಾಣಿ ಎಂದೇ ಕರೆಯುತ್ತಾ, ಗೊಬ್ಬರದ ಚೀಟಿಗೂ ತಾವೇ ಸಹಿ ಮಾಡುವ ಹಿರಿಯರೂ ನಮ್ಮಲ್ಲಿದ್ದಾರೆ. ಪಹಣಿ ಅಪ್ಪನ ಹೆಸರಿನಲ್ಲಿ, ದುಡಿತ ಮಗನದು. ಸಂಘದಿಂದ ಬೆಳೆ ಸಾಲ ಕೇಳಲು ಮಗನಿಗೆ ಹಕ್ಕಿಲ್ಲ. ಕೆಲವು ಮನೆಗಳಲ್ಲಿ ತೀರಿಹೋದ ಅಜ್ಜನ ಹೆಸರೇ ಪಹಣಿಯಲ್ಲಿದೆ, ಪೌತಿ ಖಾತೆ ಆಗಿಲ್ಲ. ಬೇಸತ್ತ ತರುಣ ಪಟ್ಟಣದ ಬಸ್ಸು ಹತ್ತಿದರೆ ಅವನನ್ನೇ ದೂರುವುದು ಹೇಗೆ? ವಯಸ್ಸನ್ನು ನೋಡಿ ತಳ್ಳಿಹಾಕುವುದು ಭೇದವಾದರೆ, ಕಿರಿಯ ಎಂಬ ಕಾರಣಕ್ಕೆ ಕೂಡಿಸಿಕೊಳ್ಳದಿರುವುದೂ ಭೇದವೇ. ಒಬ್ಬರೇ ಎಷ್ಟು ಅವಧಿಗೆ ಬೇಕಾದರೂ ನಿರ್ದೇಶಕರಾಗಿ ಮುಂದುವರಿಯುವುದು ಸಲಹೆ ಕೊಟ್ಟವರ ನಿಜವಾದ ಅಸಮಾಧಾನವಾಗಿದ್ದರೆ, ಚರ್ಚೆಯಾಗಬೇಕಾದದ್ದು ಅವಧಿಯ ಮಿತಿ. ನಲವತ್ತರವನು ಇಪ್ಪತ್ತು ವರ್ಷ ಕುರ್ಚಿ ಬಿಡದಿದ್ದರೂ ತೊಂದರೆ ಅದೇ ತಾನೆ?

ಆಸ್ತಿ ಬರೆದುಕೊಡುವ ಮುನ್ನ

ತೋಟವನ್ನು ಮಕ್ಕಳಿಗೆ ಒಪ್ಪಿಸುವ ಹಿರಿಯರು ಕೆಲವು ವಿಷಯಗಳನ್ನು ತಿಳಿದಿರಬೇಕು. 2007ರ ಪಾಲಕರ ಪೋಷಣೆ ಮತ್ತು ಹಿರಿಯ ನಾಗರಿಕರ ಕಲ್ಯಾಣ ಕಾಯಿದೆಯ ಪ್ರಕಾರ ಅರವತ್ತು ತುಂಬಿದವರು ಜೀವನಾಂಶಕ್ಕಾಗಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಕಾಯಿದೆಯ 23ನೆಯ ಕಲಂ ಇನ್ನೂ ಮುಖ್ಯವಾದದ್ದು. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನಪತ್ರ ಮಾಡಿಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದುಮಾಡಿಸಬಹುದು. ಷರತ್ತಿಲ್ಲದ ವರ್ಗಾವಣೆಗೆ ಈ ಕಲಂ ಅನ್ವಯಿಸದೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಈ ಕಾಯಿದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದಿತು. ಆದ್ದರಿಂದ ಷರತ್ತನ್ನು ಬಾಯಿಮಾತಿಗೆ ಬಿಡದೆ ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸಬೇಕು. ಉಯಿಲು ಮಾಡಿದರೆ ಬದುಕಿರುವವರೆಗೆ ಆಸ್ತಿ ತಮ್ಮದೇ, ಬೇಕಾದಾಗ ಬದಲಿಸಲೂಬಹುದು. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಅಗತ್ಯ. ಮಕ್ಕಳ ಮೇಲೆ ಅನುಮಾನವಿರುವುದರಿಂದ ಇದನ್ನು ಹೇಳುತ್ತಿಲ್ಲ. ಲೆಕ್ಕ ಸರಿಯಿದ್ದ ಕಡೆ ಪ್ರೀತಿ ಹೆಚ್ಚು ಕಾಲ ಬಾಳುತ್ತದೆ. ತೊಂದರೆಯಲ್ಲಿರುವ ಹಿರಿಯರಿಗೆ 14567 ಎಂಬ ಉಚಿತ ದೂರವಾಣಿ ಸಹಾಯವಾಣಿ ಇದೆ.

ಮನೆಯ ಹಿರಿಯ ಹೆಂಗಸರನ್ನು ಇಲ್ಲಿ ಬೇರೆಯಾಗಿಯೇ ನೆನೆಯಬೇಕು. ಅಡಿಕೆ ಸುಲಿದು, ಬೇಯಿಸಿ, ಕಣದಲ್ಲಿ ಕಾಫಿ ಕಾದು, ಆಳುಗಳಿಗೆ ಬಡಿಸಿದ ಕೈಗಳವು. ಪಹಣಿಯಲ್ಲಿ ಅವರ ಹೆಸರಿಲ್ಲ, ಸಂಘದಲ್ಲಿ ಷೇರಿಲ್ಲ. ಗಂಡ ತೀರಿಕೊಂಡ ಮರುದಿನದಿಂದ ಅವರು ಮಕ್ಕಳ ಮನೆಯ ಅತಿಥಿಗಳು. ಪತಿಪತ್ನಿಯರ ಹೆಸರಿನಲ್ಲಿ ಜಂಟಿ ಖಾತೆ, ಜಂಟಿ ಠೇವಣಿ ಮಾಡುವುದಕ್ಕೆ ಖರ್ಚೇನೂ ಇಲ್ಲ.

ಲೈನ್ ಮನೆಯ ಹಿರಿಯರು

ಹಿರಿಯರು ಎಂದಾಗ ತೋಟದ ಯಜಮಾನರನ್ನು ಮಾತ್ರ ನೆನೆದರೆ ಸಾಲದು. ಮೂವತ್ತು ನಲವತ್ತು ವರ್ಷ ನಮ್ಮಲ್ಲಿ ದುಡಿದ ಆಳುಮಕ್ಕಳಿಗೂ ವಯಸ್ಸಾಗಿದೆ. ಮರಗಸಿಗೆ ಹತ್ತಲಾರರು ಎಂದ ಕೂಡಲೇ ಲೈನ್ ಮನೆ ಖಾಲಿ ಮಾಡಿಸುವುದು ಮನುಷ್ಯ ಧರ್ಮವಲ್ಲ. ನರ್ಸರಿ ಚೀಲಕ್ಕೆ ಮಣ್ಣು ತುಂಬುವುದು, ಕಾಳು ಆರಿಸುವುದು, ಕಣ ಕಾಯುವುದು, ಕಾಯಿಕೊರಕ ತಡೆಯಲು ಉದುರಿದ ಹಣ್ಣು ಹೆಕ್ಕುವುದು, ಹೊಸಬರಿಗೆ ಚಿಗುರು ತೆಗೆಯುವುದನ್ನು ಕಲಿಸುವುದು ಇವೆಲ್ಲ ಅವರು ಮಾಡಬಲ್ಲ ಕೆಲಸಗಳು. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ತುಂಬಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ. ಅರ್ಜಿ ಬರೆಯಲು ಬಾರದೆ, ವಯಸ್ಸಿನ ದಾಖಲೆ ಇಲ್ಲದೆ ಎಷ್ಟೋ ಮಂದಿ ಅದನ್ನೂ ಪಡೆದಿಲ್ಲ. ಒಂದು ಅರ್ಜಿ ತುಂಬಿಸಿ ನಾಡಕಚೇರಿಗೆ ಕಳಿಸುವಷ್ಟು ಪುರಸೊತ್ತು ಪ್ರತಿಯೊಬ್ಬ ಬೆಳೆಗಾರರಿಗೂ ಇದೆ.

ಮಹಾಸಭೆಯ ಮುಂದೆ

ಮೇಲಿನ ಸಲಹೆಗಳ ಜೊತೆಗೆ ಕೆಳಗಿನವುಗಳನ್ನೂ ಸಭೆಯ ಮುಂದೆ ಇಡುತ್ತಿದ್ದೇವೆ.

1. ಮಹಾಸಭೆ ಬೆಳಿಗ್ಗೆ ಹತ್ತೂವರೆಗೆ, ನೆಲ ಅಂತಸ್ತಿನ ಗೋದಾಮಿನ ಹಜಾರದಲ್ಲಿ ನಡೆಯಬೇಕು. ಎಲ್ಲರಿಗೂ ಕುರ್ಚಿ, ಕೇಳುವಂತಹ ಧ್ವನಿವರ್ಧಕ ಇರಬೇಕು. ನಡೆಯಲಾರದ ಸದಸ್ಯರನ್ನು ಕರೆತರಲು ಗ್ರಾಮಕ್ಕೊಂದು ಜೀಪು ಗೊತ್ತುಮಾಡಬೇಕು.

2. ಸಭೆಯ ನೋಟೀಸು, ಸಾಲದ ತಿಳುವಳಿಕೆ ಪತ್ರಗಳು ದಪ್ಪಕ್ಷರದಲ್ಲಿ ಮುದ್ರಣವಾಗಬೇಕು. ಮೊಬೈಲಿನ ಜೊತೆಗೆ ಅಂಚೆಯಲ್ಲೂ ಹೋಗಬೇಕು.

3. ದೀರ್ಘಕಾಲದ ಸಾಲಗಳಿಗೆ ವಯೋಮಿತಿಯ ಬದಲು ವಾರಸುದಾರರ ಸಹ ಸಹಿ ಇರಬೇಕು.

4. ತಿಂಗಳಿಗೊಂದು ದಿನ ಹಿರಿಯರಿಗಾಗಿ ಸಿಬ್ಬಂದಿಯೊಬ್ಬರನ್ನು ಮೀಸಲಿಡಬೇಕು. ಪಿಂಚಣಿದಾರರ ಜೀವನ ಪ್ರಮಾಣಪತ್ರ, ಪೌತಿ ಖಾತೆ, ಉಯಿಲು, ನಾಮಿನಿ ಇವುಗಳ ಬಗ್ಗೆ ಅಂದು ನೆರವು ಸಿಗಬೇಕು.

5. ವರ್ಷಕ್ಕೆರಡು ಬಾರಿ ಹಳೆಯ ಮೇಸ್ತ್ರಿಗಳಿಂದ, ಕೊನೆಗಾರರಿಂದ, ಅನುಭವಿ ಬೆಳೆಗಾರರಿಂದ ತರುಣರಿಗೆ ತೋಟದಲ್ಲೇ ಪಾಠ ನಡೆಯಬೇಕು. ಕಲಿಸಿದವರಿಗೆ ಶಾಲಿನ ಬದಲು ಆ ದಿನದ ಪೂರ್ತಿ ಕೂಲಿ ಕೊಡಬೇಕು. ಮೊಬೈಲು, ಆನ್‌ಲೈನ್ ವ್ಯವಹಾರಗಳನ್ನು ತರುಣರು ಹಿರಿಯರಿಗೆ ಕಲಿಸಿಕೊಡಬೇಕು.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಿಲ್ಲ. ಸಭೆಯಲ್ಲಿ ಬೇರೆ ಅಭಿಪ್ರಾಯಗಳು ಬಂದರೆ ಸ್ವಾಗತ; ವಯೋಮಿತಿಯ ಪರವಾಗಿರುವವರೂ ತಮ್ಮ ವಾದವನ್ನು ಮುಂದಿನ ಸಂಚಿಕೆಗೆ ಬರೆದು ಕಳಿಸಬಹುದು, ಪ್ರಕಟಿಸುತ್ತೇವೆ. ನಮ್ಮ ವಿನಂತಿ ಒಂದೇ. ಸಭೆಗೆ ಹೊರಡುವಾಗ ಪಕ್ಕದ ಮನೆಯ ಹಿರಿಯರನ್ನೂ ಕೇಳಿ, ಜೊತೆಗೆ ಕರೆತನ್ನಿ. ಅವರ ವಿಷಯದ ತೀರ್ಮಾನ ಅವರಿಲ್ಲದ ಸಭೆಯಲ್ಲಿ ಆಗಬಾರದು.